ಅಮರನಾಥ್ ಅಲ್ಲ

ಧನಶ್ರೀ ಅದನ್ನು ಬರೆದದ್ದು ಮಂಗಳವಾರ ಮಧ್ಯಾಹ್ನ, ಊಟದ ಬಿಡುವಿನಲ್ಲಿ.

ಶಿವಾರಪಟ್ಟಣದ ಕೋದಂಡರಾಮಪ್ಪನವರ ಶೆಡ್ಡಿನಲ್ಲಿ ಅವಳು ಆರು ವರ್ಷದಿಂದ ವಿಗ್ರಹಗಳಿಗೆ ಪಾಲಿಶ್ ಮಾಡುತ್ತಿದ್ದಳು. ಕೆತ್ತಿ ಮುಗಿದ ಕಲ್ಲನ್ನು ನೀರು ಹಾಕಿ ಉಜ್ಜುವ ಕೆಲಸ. ಆವತ್ತು ಬೆಳಿಗ್ಗೆ ಅವಳು ಬೇಗ ಬಂದಾಗ ಕೋದಂಡರಾಮಪ್ಪನವರು ಒಬ್ಬರೇ ಕೂತು, ಶ್ರೀನಿವಾಸಪುರದ ಕಡೆಯ ಊರೊಂದಕ್ಕೆ ಹೋಗಬೇಕಿದ್ದ ಗಂಗಮ್ಮನ ವಿಗ್ರಹದ ಬುಡಕ್ಕೆ ಕಲ್ಲುಪುಡಿ ಕಲಸಿದ ಅಂಟು ಮೆತ್ತುತ್ತಿದ್ದರು. ಅವಳನ್ನು ಕಂಡವರೇ ಗೋಣಿಚೀಲ ಎಳೆದು ಮುಚ್ಚಿದರು. ಒಡೆದ ಕಲ್ಲು ಪೂಜೆಗೆ ಬರುವುದಿಲ್ಲ ಎಂದು ಅವಳಿಗೆ ಕಲಿಸಿದವರೇ ಅವರು.

ಕೇಳಬಹುದಿತ್ತು. ಆದರೆ ಗಂಡ ತೀರಿಕೊಂಡ ವರ್ಷ ಕರೆದು ಕೆಲಸ ಕೊಟ್ಟವರು, ಅವಳು ದೊಡ್ಡಪ್ಪ ಎಂದೇ ಕರೆಯುವ ಹಿರಿಯರು. ಬಾಯಿ ಬರಲಿಲ್ಲ. ಸುಮ್ಮನಿರಲೂ ಆಗಲಿಲ್ಲ. ಫೇಸ್‌ಬುಕ್ಕಿನಲ್ಲಿ ‘ಮಾಲೂರು ಸೀಮೆ ಮಾತುಕತೆ’ ಎಂಬ ಗುಂಪಿತ್ತು. ಬಸ್ಸು ಯಾಕೆ ಬರಲಿಲ್ಲ, ಟೊಮೆಟೊ ಸಸಿ ಎಲ್ಲಿ ಸಿಗುತ್ತೆ ಎಂದು ಜನ ಕೇಳುವ ಜಾಗ. ಅಲ್ಲಿ ಹೆಸರು ಮರೆಸಿಯೂ ಬರೆಯಬಹುದಿತ್ತು. ಬರೆದಳು: “ಶಿವಾರಪಟ್ಟಣದಲ್ಲಿ ಒಬ್ಬರು ಒಡೆದ ವಿಗ್ರಹಕ್ಕೆ ಅಂಟು ಹಾಕಿ ಕೊಡ್ತಿದ್ದಾರೆ. ತಗೊಳ್ಳೋರು ನೋಡ್ಕೊಳ್ಳಿ.”

ಯಾರ ಹೆಸರನ್ನೂ ಹೇಳಿರಲಿಲ್ಲ. ಹೆಸರು ಹಾಕಿದ್ದು ಓದಿದವರು.

“ಇನ್ಯಾರು, ಆ ಮಿಷಿನ್ ಅಮರನಾಥನೇ.”

ಅಮರನಾಥನ ಶೆಡ್ಡು ರಸ್ತೆಯ ಆಚೆ ಬದಿಗಿತ್ತು. ಲಕ್ಕೂರಿನ ರೈತರ ಮನೆಯವನು, ಇಲ್ಲಿಗೆ ಬಂದು ಕೆಲಸ ಕಲಿತವನು. ಕೆತ್ತನೆಗೆ ಕಂಪ್ಯೂಟರ್ ಮಿಷಿನ್ ತಂದಾಗಿನಿಂದ ಹಳಬರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಬುಧವಾರ ಸಂಜೆಯೊಳಗೆ ಯಾರೋ ಅವನ ಶೆಡ್ಡಿನ ಫೋಟೋ ಹಾಕಿದರು. “ದೇವರಿಗೇ ಮೋಸ ಮಾಡೋನ ಕೈ ಬಿದ್ದೋಗ.” “ಅವನ ಹೆಂಡ್ತಿ ಮೈಮೇಲಿನ ಒಡವೆ ನೋಡಿ, ಎಲ್ಲಾ ಗೊತ್ತಾಗುತ್ತೆ.”

ಧನಶ್ರೀ ಕೆಲಸದ ಮಧ್ಯೆ ಹತ್ತು ಸಲ ಕೈ ಒರೆಸಿಕೊಂಡು ಫೋನ್ ತೆಗೆದಳು. ಒದ್ದೆ ಬೆರಳಿಗೆ ಅದು ತೆರೆದುಕೊಳ್ಳುತ್ತಿರಲಿಲ್ಲ. ಸೀರೆಗೆ ಉಜ್ಜಿ ಮತ್ತೆ ಒತ್ತುತ್ತಿದ್ದಳು. ಕೊನೆಗೆ ಹೆಸರು ಮರೆಸಿಕೊಂಡೇ ಬರೆದಳು: “ಅದು ಅಮರನಾಥ್ ಅಲ್ಲ. ನನಗೆ ಗೊತ್ತು.”

ತಕ್ಷಣ ಉತ್ತರ ಬಂತು. “ಮುಖ ಮುಚ್ಕೊಂಡು ನೀನೇ ಬಂದ್ಯಾ ಅಮರನಾಥ?” ಅದರ ಕೆಳಗೆ ಸಾಲುಸಾಲು ನಗುವ ಮುಖಗಳು.

ಗಾಬರಿಯಾಗಿ ತಾನು ಮೊದಲು ಬರೆದದ್ದನ್ನು ಅಳಿಸಿದಳು. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ಮುಳಬಾಗಿಲಿನ ವಾಟ್ಸಾಪ್ ಗುಂಪುಗಳನ್ನೂ ಮುಟ್ಟಿತ್ತು. ಒಬ್ಬನ ತಲೆಯ ಮೇಲೆ ತಪ್ಪು ಹೊರಿಸಲು ಹೆಸರಿಲ್ಲದ ಒಂದು ಸಾಲು ಸಾಕಾಗಿತ್ತು. ಇಳಿಸಲು ಸಾಲಲಿಲ್ಲ.

ಶುಕ್ರವಾರ ಮುಳಬಾಗಿಲಿನಿಂದ ಟೆಂಪೋ ಬಂತು, ಅಮರನಾಥ ಕೆತ್ತಿದ ಎರಡು ದ್ವಾರಪಾಲಕರನ್ನು ಒಯ್ಯಲು. ಬಂದವರು ವಿಗ್ರಹಗಳ ಸುತ್ತ ತಿರುಗಿದರು, ತಮ್ಮತಮ್ಮಲ್ಲೇ ಪಿಸುಗುಟ್ಟಿದರು, ಖಾಲಿ ಟೆಂಪೋ ಹತ್ತಿದರು.

“ಅಣ್ಣ, ಬಡಿದು ನೋಡಿ. ಗಂಟೆ ಹಂಗೆ ನುಡಿಯುತ್ತೆ. ಒಡೆದಿದ್ರೆ ನುಡಿಯುತ್ತಾ?” ಎಂದು ಅಮರನಾಥ ಟೆಂಪೋ ಹಿಂದೆಯೇ ಹೋದ.

“ನಮಗೇನೋ ನಂಬಿಕೆ ಐತಪ್ಪ. ಊರಲ್ಲಿ ಜನ ಕೇಳಿದ್ರೆ ಏನ್ ಹೇಳೋಣ?”

ರಸ್ತೆಯ ಈಚೆ ನಿಂತು ಧನಶ್ರೀ ನೋಡಿದಳು. ಪಕ್ಕದಲ್ಲಿ ಕೋದಂಡರಾಮಪ್ಪನವರೂ ನಿಂತಿದ್ದರು. ಟೆಂಪೋ ಹೊರಟ ಮೇಲೆ ಒಳಗೆ ಹೋದರು. ಅವಳೂ ಹಿಂದೆಯೇ ಹೋದಳು.

“ದೊಡ್ಡಪ್ಪ, ಅದು ಬರೆದಿದ್ದು ನಾನು.”

“ಗೊತ್ತಮ್ಮ. ಗೋಣಿಚೀಲ ಮುಚ್ಚಿದ್ದು ನೋಡಿದೋಳು ನೀನೊಬ್ಬಳೇ.”

“ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ? ಅಮರನಾಥಣ್ಣನ್ನ ಹಂಗೆ ಬೈತಾ ಇದ್ರು...”

“ನೀನ್ಯಾಕೆ ಸುಮ್ಮನಿದ್ದೆ?”

ಕೋದಂಡರಾಮಪ್ಪನವರು ಗೋಣಿ ಸರಿಸಿ ತೋರಿಸಿದರು. ಎತ್ತುವಾಗ ಸರಪಳಿ ಜಾರಿ ಪೀಠದ ಮೂಲೆ ಮೂರು ಬೆರಳಷ್ಟು ಹಾರಿತ್ತು. ಗಂಗಮ್ಮನ ಮೈಗೆ ಏನೂ ಆಗಿರಲಿಲ್ಲ. ಪೀಠವೇ ಬೇರೆ ಕಲ್ಲು.

“ನನ್ನನ್ನೇ ಕೇಳಬಾರದಿತ್ತಾ?”

“ಕೇಳಿದ್ರೆ ಏನಂತಿದ್ರಿ?”

“ಬೈತಿದ್ದೆ.” ಗೋಣಿಯನ್ನು ಮಡಚಿಡುತ್ತಾ ಅಂದರು, “ಬೈದಮೇಲೆ ನಿಜ ಹೇಳ್ತಿದ್ನೋ ಇಲ್ವೋ, ಗೊತ್ತಿಲ್ಲ ಕಣಮ್ಮ.”

“ಈಗ ನನ್ನ ಹೆಸರು ಹಾಕಿ ಬರೀತೀನಿ. ನಿಮ್ಮ ಹೆಸರು ಹಾಕಲ್ಲ.”

“ನಿಂದು ಹಾಕಿದಮೇಲೆ ನಂದು ಬೇರೆ ಹಾಕಬೇಕಾ? ನೀನು ಯಾರ ಶೆಡ್ಡಲ್ಲಿ ಇದ್ದೀಯ ಅಂತ ಊರಿಗೆಲ್ಲ ಗೊತ್ತು.” ಅವರು ಫೋನ್ ಎತ್ತಿಕೊಂಡು ಗಂಗಮ್ಮನ ಗುಡಿಯ ಹಿರಿಯರಾದ ದೊಡ್ಡವೆಂಕಟಪ್ಪನವರ ನಂಬರಿಗಾಗಿ ತಡಕಾಡಿದರು. “ಅವರಿಗೆ ಒಂದು ಮಾತು ಹೇಳೋದು ಬಿಟ್ಟಿದ್ದೆ. ಹೇಳಿಬಿಡ್ತೀನಿ. ನೀನು ಬರಿ, ಹೋಗು.”

ಅವಳು ಬರೆದಳು. ಹೆಸರು, ಊರು ಎಲ್ಲ ಹಾಕಿ: ಮೊದಲು ಬರೆದವಳು ನಾನೇ. ಪೂರ್ತಿ ತಿಳಿಯದೆ ಬರೆದೆ. ವಿಗ್ರಹ ಒಡೆದಿಲ್ಲ, ಪೀಠದ ಮೂಲೆ ಹೋಗಿತ್ತು. ಅದು ಅಮರನಾಥ್ ಅವರ ಕೆಲಸವೂ ಅಲ್ಲ. ಅವರ ಮನೆಯವರಲ್ಲಿ ಕ್ಷಮೆ ಕೇಳುತ್ತೇನೆ.

ಅಮರನಾಥನನ್ನು ಬೈದವರು ಈಗ ಅವಳ ಕಡೆ ತಿರುಗಿದರು. “ಉಂಡ ಮನೆ ಜಂತೆ ಎಣಿಸಿದಳು.” “ಗಂಡ ಇಲ್ದೋಳಿಗೆ ಇನ್ನೇನ್ ಕೆಲಸ.” ಅಮರನಾಥನಿಗೆ ತಪ್ಪಾಯಿತು ಎಂದು ಬರೆದವರು ಮೂವರು.

ಶನಿವಾರ ಬೆಳಿಗ್ಗೆ ಅಮರನಾಥನ ಮನೆಗೆ ಹೋದಳು. ಅವನ ಹೆಂಡತಿ ಅನಿತ ಬಾಗಿಲಲ್ಲೇ ನಿಂತಳು. ಒಳಗೆ ಬಾ ಎನ್ನಲಿಲ್ಲ.

“ನಂದು ತಪ್ಪಾಯ್ತಕ್ಕ.”

“ನನ್ನ ಒಡವೆ ವಿಷಯ ನೀನು ಬರೆದಿರಲಿಲ್ಲ ಬಿಡು,” ಅಂದಳು ಅನಿತ. “ಬರೆದೋನು ನಮ್ಮ ನೆಂಟನೇ. ಹೆಸರು, ಫೋಟೋ ಎಲ್ಲ ಹಾಕ್ಕೊಂಡೇ ಬರೆದವ್ನೆ. ಹೋದ ತಿಂಗಳು ಇಲ್ಲೇ ಕೂತು ಊಟ ಮಾಡ್ಕೊಂಡು ಹೋದ. ನೀನಾದ್ರೂ ಬಂದೆ. ಬಂದೆ ಅಂತ ಎಲ್ಲಾ ಸರಿಹೋಯ್ತು ಅನ್ಕೋಬೇಡ.”

ಒಳಗಿಂದ ಅಮರನಾಥ ಬಂದ. ಮೂರು ದಿನದಲ್ಲಿ ಮುಖ ಇಳಿದುಹೋಗಿತ್ತು. “ಮುಳಬಾಗಿಲಿನೋರಿಗೆ ನೀವೇ ಫೋನ್ ಮಾಡಿ ಹೇಳಿ. ಈಗಲೇ, ನನ್ನ ಮುಂದೆ,” ಅಂದ.

ಅವನು ಹೇಳಿದ ನಂಬರನ್ನು ಅವಳು ಒತ್ತಿದಳು. “ನಮಸ್ಕಾರ, ನಾನು ಧನಶ್ರೀ ಅಂತ, ಶಿವಾರಪಟ್ಟಣದಿಂದ...” ಎಂದು ಶುರುಮಾಡಿದಳು. ಎರಡು ಸಲ ಮಾತು ತಪ್ಪಿತು. ಆದರೂ ಪೂರ್ತಿ ಹೇಳಿದಳು. ಆಚೆಯವರು, ನೋಡೋಣ ಎಂದಷ್ಟೇ ಹೇಳಿ ಇಟ್ಟರು.

ಸೋಮವಾರ ದೊಡ್ಡವೆಂಕಟಪ್ಪನವರು ಬಂದು ಗಂಗಮ್ಮನ ವಿಗ್ರಹವನ್ನು ಬಡಿದು ನಾದ ಕೇಳಿದರು. ವಿಗ್ರಹ ಇರಲಿ, ಪೀಠ ಮಾತ್ರ ಹೊಸದಾಗಲಿ ಎಂದರು. ಕೋದಂಡರಾಮಪ್ಪನವರು ಅವತ್ತೇ ಬೇರೆ ಕಲ್ಲು ಹಿಡಿದರು. ಧನಶ್ರೀಯನ್ನು ಕೆಲಸದಿಂದ ಬಿಡಿಸಲಿಲ್ಲ, ಕೆಲಸದ ಮಾತು ಬಿಟ್ಟು ಬೇರೆ ಮಾತನ್ನೂ ಆಡಲಿಲ್ಲ.

ಮುಂದಿನ ಗುರುವಾರ ಮುಳಬಾಗಿಲಿನ ಟೆಂಪೋ ಮತ್ತೆ ಬಂತು. ಅಮರನಾಥನ ಕಡೆ ಎತ್ತಲು ಜನ ಸಾಲದೆ ಅವನು ರಸ್ತೆಗೆ ಬಂದು ಕೂಗಿದ. ಯಾರ ಹೆಸರನ್ನೂ ಹಿಡಿದು ಕೂಗಲಿಲ್ಲ. ಧನಶ್ರೀ ಎದ್ದಳು. ಒಂದು ಗಳಿಗೆ ಬಿಟ್ಟು ಕೋದಂಡರಾಮಪ್ಪನವರೂ ಎದ್ದು ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಬಿಗಿದರು.

“ನಿಧಾನ, ನಿಧಾನ, ಎಡಕ್ಕೆ,” ಎಂದು ಅವರು ಹೇಳುತ್ತಿದ್ದರೆ ಎಲ್ಲರೂ ಹಗ್ಗ ಹಿಡಿದು ಜಗ್ಗಿದರು. ಧನಶ್ರೀಯ ಅಂಗೈ ಉರಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅನಿತ ಎರಡನೇ ವಿಗ್ರಹ ಟೆಂಪೋ ಏರುವವರೆಗೂ ನೋಡಿ ಒಳಗೆ ಹೋದಳು.