ಹಿಡಿಯ ಮೇಲಿನ ತಗ್ಗು

ಹಿಡಿಯ ಹತ್ತಿರ ಬಂದಾಗ ಶಿವನಂಜಯ್ಯನವರ ಕೈ ನಿಂತಿತು. ಗಾಡಿಯ ಸ್ಟಿಯರಿಂಗ್ ಚಕ್ರಕ್ಕೆ ಅರಗು ಬಳಿದು ಮುಗಿದಿತ್ತು, ಗೇರಿನ ಗುಂಡು ಮುಗಿದಿತ್ತು, ಬಾಗಿಲುಗಳ ಒಳಪಟ್ಟಿಗಳೆರಡೂ ಕಪ್ಪಗೆ ಮಿನುಗುತ್ತ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡು ಆರುತ್ತಿದ್ದವು. ಉಳಿದಿದ್ದು ಇದೊಂದೇ, ಎಡಗಡೆ ಸೀಟಿನಲ್ಲಿ ಕೂತವರು ಹಿಡಿದುಕೊಳ್ಳಲೆಂದು ಡ್ಯಾಶ್‌ಬೋರ್ಡಿಗೆ ಕೂರಿಸಿದ್ದ ಪ್ಲಾಸ್ಟಿಕ್ ಹಿಡಿ. ಅದರ ಮೈಮೇಲೆ ನಾಲ್ಕು ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು. ತಗ್ಗಿನ ಒಂದು ಬದಿಗೆ ಉಂಗುರ ಉಜ್ಜಿ ಉಜ್ಜಿ ಆದ ಗೀರು. ಅಯ್ಯನವರು ತಮ್ಮ ಬೆರಳುಗಳನ್ನು ಅದರಲ್ಲಿಟ್ಟು ನೋಡಿ, ಬೇರೆಯವರ ಮನೆಗೆ ಕೇಳದೆ ನುಗ್ಗಿದವರಂತೆ ಚಟ್ಟನೆ ತೆಗೆದುಕೊಂಡರು.

"ಇದ್ನೂ ತುಂಬ್ಬುಡದಾ, ಶಿವಮಲ್ಲಪ್ನೋರೆ?"

"ತುಂಬಿ ಅಯ್ನೋರೆ. ಒಂದ್ ಗುರ್ತೂ ಉಳೀಕೂಡ್ದು. ಮನೆಗೆ ಬಂದ ದಿನ ಎಂಗಿತ್ತೋ ಅಂಗೇ ಆಗ್ಬೇಕು."

"ಯೋಚ್ನ ಮಾಡಿ ಏಳ್ತಾ ಇದ್ದೀರಾ?"

"ಮಾಡಿವ್ನಿ ಬುಡಿ."

ಮಾಡಿರಲಿಲ್ಲ. ಹೊನ್ನೂರಿನಲ್ಲಿ ಗದ್ದೆ, ಕಬ್ಬು, ತೆಂಗು ಯಾವುದೇ ಇರಲಿ, ಹಿಂದೆ ಮುಂದೆ ನೋಡದೆ ಹೆಜ್ಜೆ ಇಡದ ಶಿವಮಲ್ಲಪ್ಪ ಈ ಗಾಡಿಯ ವಿಷಯದಲ್ಲಿ ಮಾತ್ರ ಮೊದಲಿನಿಂದಲೂ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಬರುವವನು. ಬಿಳಿಗಿರಿ ಬೆಟ್ಟದ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಟು ನಿಂತಾಗ ಅವನಿಂದ ಕೊಂಡುಕೊಂಡ ಗಾಡಿ ಅದು. ಎರಡೇ ಸೀಟು, ಮೇಲೆ ಸೂರಿಲ್ಲ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಕೆಂಪು ಸ್ಪೋರ್ಟ್ಸ್ ಕಾರು. ಅದನ್ನು ಮೊದಲ ದಿನ ನೋಡಿದ ತಮ್ಮ ಪುಟ್ಟಮಾದಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಒಂದ್ ಮೂಟೆ ಗೊಬ್ರ ಆಕಕ್ಕೂ ಜಾಗಿಲ್ವಲ್ಲಣ್ಣ" ಎಂದಿದ್ದ. ಊರು ಆ ಮಾತನ್ನು ವರ್ಷಗಟ್ಟಲೆ ಆಡಿಕೊಂಡು ನಕ್ಕಿತು.

ನಗದೆ ಬಂದು ಕೂತವಳು ಅವನ ಹೆಂಡತಿ ಗುರುಬಸಮ್ಮ ಒಬ್ಬಳೇ. ಆಗ ಅವಳಿಗೆ ಮೂವತ್ತೂ ಆಗಿರಲಿಲ್ಲ. ಮಕ್ಕಳಾಗಲಿಲ್ಲವೆಂದು ಮನೆಯವರು ಕೂತದ್ದಕ್ಕೂ ನಿಂತದ್ದಕ್ಕೂ ಎತ್ತಿ ಆಡುತ್ತಿದ್ದ ಕಾಲ. ಭಾನುವಾರ ಮಧ್ಯಾಹ್ನ ಉಂಡು, ಸೆರಗನ್ನು ತಲೆಯ ಮೇಲೆ ಎಳೆದು ಸೊಂಟಕ್ಕೆ ಬಿಗಿದು, ಗಂಡನ ಪಕ್ಕ ಕೂತು ಬೆಟ್ಟದ ದಾರಿ ಹಿಡಿದಳೆಂದರೆ ಗಾಳಿಯ ಸದ್ದಿನಲ್ಲಿ ಯಾರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಗುಂಬಳ್ಳಿ ದಾಟಿ ತಿರುವು ಶುರುವಾದೊಡನೆ ಅವಳ ಬಲಗೈ ಆ ಹಿಡಿಗೆ ಬೀಳುತ್ತಿತ್ತು. ತಿರುವಿನಲ್ಲಿ "ನಿಧಾನ, ನಿಧಾನ ಕಣ್ರಿ" ಎಂದು ಗದರುವಳು. ನೆಟ್ಟಗಿನ ದಾರಿ ಬಂದರೆ, "ಯಾಕ್ರೀ, ಎತ್ತಿನ್ ಗಾಡಿ ಮಾಡ್ಬುಟ್ರಿ?" ಎಂದು ಅದಕ್ಕೂ ಗದರುವಳು. ಹಾಗೆ ವರ್ಷಾನುಗಟ್ಟಲೆ ಹಿಡಿದೂ ಹಿಡಿದೂ ಬಿದ್ದ ತಗ್ಗು ಅದು.

ಕಣ್ಣು ಹೋಗಿದ್ದು ಆಮೇಲೆ. ಮೊದಲು ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದಳು. ಮೈಸೂರಿನ ಡಾಕ್ಟರು ನರ ಒಣಗಿದೆ, ತಡವಾಯಿತು ಎಂದರು. ಅದನ್ನೂ ಅವಳು ನುಂಗಿಕೊಂಡಿದ್ದಳು. ನುಂಗಲಾಗದೇ ಹೋದದ್ದು ಯಳಂದೂರಿನ ಒಂದು ಮದುವೆ. ಯಾರ ಕೈಯೂ ಬೇಡವೆಂದು ತಾನೇ ನಡೆದು ಹೋಗಿ, ಪಂಕ್ತಿಯಲ್ಲಿ ಉಣ್ಣುತ್ತಿದ್ದವರ ಎಲೆ ತುಳಿದುಬಿಟ್ಟಳು. ಪಾಯಸ ಮೆಟ್ಟಿದ ಪಾದ ಎತ್ತಿ ಮತ್ತೆ ಎಲ್ಲಿಡಬೇಕೆಂದು ತಿಳಿಯದೆ ಒಂಟಿ ಕಾಲಲ್ಲಿ ನಿಂತವಳನ್ನು ಕಂಡು ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಗುರುಬಸಮ್ಮ ಮನೆಗೆ ಬಂದು ಕಾಲು ತೊಳೆದುಕೊಂಡಳು. ಅಂದಿನಿಂದ ಹೊಸಿಲು ದಾಟಿರಲಿಲ್ಲ. ತವರಿನಲ್ಲಿ ತಾಯಿ ತೀರಿಕೊಂಡಾಗಲೂ ಕೋಣೆಯಲ್ಲೇ ಕೂತು ಅತ್ತಳು.

ಇದು ಎರಡನೆಯ ವರ್ಷ. ಮೈಸೂರು ರಾಜ್ಯ ಹೋಗಿ ಕರ್ನಾಟಕವೆಂದು ಹೆಸರಾಗಿತ್ತು. ಬೆಳಗ್ಗೆ ಎದ್ದು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುವಷ್ಟು ಹೊತ್ತು ಮಾತ್ರ ಅವಳು ಮೊದಲಿನ ಗುರುಬಸಮ್ಮನಾಗಿ ಕಾಣುತ್ತಿದ್ದಳು. ಆಮೇಲೆ ಗೋಡೆಯ ಕಡೆ ಮುಖ. ಅವಳನ್ನು ಹೇಗಾದರೂ ಮಾಡಿ ಹೊರಗೆ ತರಬೇಕು, ಇಲ್ಲದಿದ್ದರೆ ಆ ಗೋಡೆಯೇ ಅವಳನ್ನು ತಿಂದುಹಾಕುತ್ತದೆ ಎಂಬ ಭಯ ಶಿವಮಲ್ಲಪ್ಪನಿಗೆ ಹಿಡಿದುಕೊಂಡಿತ್ತು. ತರುವುದಾದರೆ ಗಾಡಿಯೊಂದೇ ದಾರಿ ಎಂದು ಅವನಿಗೆ ತೋಚಿತು.

ಆದರೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯೂ ಬಡವಾಗಿತ್ತು. ಇಂಜಿನ್ನಿಗೆ, ಬಣ್ಣಕ್ಕೆ, ಸೀಟಿನ ರೆಕ್ಸಿನ್ನಿಗೆ ಮೈಸೂರಿನಲ್ಲಿ ಜನ ಸಿಕ್ಕರು. ಒಳಗಿನ ಪ್ಲಾಸ್ಟಿಕ್ಕಿಗೆ ಮಾತ್ರ ಯಾರೂ ಸಿಗಲಿಲ್ಲ. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ, ಚಕ್ರವೆಲ್ಲ ಬಿರುಕು ಬಿಟ್ಟು, ಗೇರಿನ ಗುಂಡು ಬೋಳಾಗಿತ್ತು. "ಇದರ ಸಾಮಾನು ಸೀಮೆಯಲ್ಲೂ ಸಿಕ್ಕಲ್ಲ ಸಾ" ಎಂದು ಅಲ್ಲಿಯವರು ಕೈ ಚೆಲ್ಲಿದರು. ಹಾಗೇ ಬಿಡಬಹುದಿತ್ತು, ಕಾಣದವಳಿಗೆ ಹೊಳಪೇಕೆ? ಕುರುಡು ಹೆಂಡತಿಯನ್ನು ಮುರುಕು ಗಾಡಿಯಲ್ಲಿ ಕೂರಿಸಿಕೊಂಡು ಹೊರಟನೆಂದು ಊರು ಇನ್ನೊಮ್ಮೆ ನಗಬಾರದು ಎಂಬುದು ಅವನ ಹಟ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ.

ಒಂದು ದಿನ ಪೂಜೆಗೆ ಕೂತಾಗ ಅಂಗೈಯಲ್ಲಿದ್ದ ತನ್ನ ಲಿಂಗದ ಮೇಲೇ ಅವನ ಕಣ್ಣು ನೆಟ್ಟಿತು. ಲಿಂಗದ ಕಲ್ಲಿಗೆ ಕಟ್ಟಿದ ಕಪ್ಪು ಲೇಪದ ಕಂತಿ ಸವೆದು ಬಿರುಕು ಬಿಟ್ಟಿದ್ದನ್ನು ಕಳೆದ ವರ್ಷವಷ್ಟೇ ಅಗರದ ಶಿವನಂಜಯ್ಯನವರು ತೆಗೆದು, ಹೊಸ ಲೇಪ ಕಟ್ಟಿ, ತಿಕ್ಕಿ ತಿಕ್ಕಿ ಹೊಳಪೇರಿಸಿ ಕೊಟ್ಟಿದ್ದರು. ಸುತ್ತಲಿನ ಊರುಗಳಲ್ಲಿ ಆ ಕೆಲಸಕ್ಕೆ ಅವರದೇ ಕೈ. ಶಿವಮಲ್ಲಪ್ಪ ಅಂದೇ ಅಗರಕ್ಕೆ ಹೋದ. ಕೇಳಿದ್ದೇ ತಡ ಅಯ್ಯನವರು ಕೆಂಡವಾದರು.

"ಲಿಂಗಕ್ಕ ಕಟ್ಟೋ ಕಂತಿಯ ಮೋಟ್ರು ಗಾಡಿಗ ಬಳಿಯಾಕಾದ್ದಾ? ಏನ್ ಮಾತಾಡ್ತಾ ಇದ್ದೀರಿ ನೀವು?"

ಶಿವಮಲ್ಲಪ್ಪ ಮಾತಿಗೆ ಮಾತು ಬೆಳೆಸಲಿಲ್ಲ. ಯಳಂದೂರಿನ ಮದುವೆಯ ಕಥೆ ಹೇಳಿದ, ಗೋಡೆಯ ಕಡೆ ತಿರುಗಿದ ಮುಖದ ಕಥೆ ಹೇಳಿದ. ಮರುದಿನ ಅಯ್ಯನವರೇ ನಡೆದುಕೊಂಡು ಹೊನ್ನೂರಿಗೆ ಬಂದರು. ಕಂತಿಯ ಸಾಮಾನು ತಂದಿರಲಿಲ್ಲ; ಬರೀ ಅರಗು, ದೀಪದ ಕಪ್ಪು, ತಿಕ್ಕುವುದಕ್ಕೆ ತಾಳೆಗರಿ. ಲಿಂಗದ ಕೆಲಸದ ಬಟ್ಟಲನ್ನು ಇದಕ್ಕೆ ಮುಟ್ಟಿಸುವುದಿಲ್ಲ, ಬಾಯಲ್ಲಿ ಮಂತ್ರವೂ ಬರಕೂಡದು ಎಂದು ತಮಗೆ ತಾವೇ ಕಟ್ಟು ಹಾಕಿಕೊಂಡಿದ್ದರು. ಆದರೂ ತಿಕ್ಕಲು ಕೂತರೆ ತುಟಿ ತಾನಾಗಿ ಅಲ್ಲಾಡುವುದು. ನೆನಪಾದಾಗ ಗಪ್ಪನೆ ಬಾಯಿ ಮುಚ್ಚಿಕೊಳ್ಳುವರು.

ಹೀಗೆ ಎಲ್ಲ ಮುಗಿದು ಈಗ ಹಿಡಿಯ ಸರದಿ. ಅಯ್ಯನವರು ಮತ್ತೆ ಕೇಳಲಿಲ್ಲ. ಮೆತ್ತಗೆ ಕಾಯಿಸಿದ ಅರಗನ್ನು ತಗ್ಗಿಗೆ ಒತ್ತಿ, ಮೇಲೆ ಇನ್ನೊಂದು ಪದರ ಕೂರಿಸಿ, ತಾಳೆಗರಿಯಿಂದ ನುಣುಪು ಮಾಡಿದರು. ಬೆರಳ ಗುರುತು, ಉಂಗುರದ ಗೀರು, ಯಾವುದೂ ಇಲ್ಲ. ಹಿಡಿ ಹಾವಿನ ಮೈಯಂತೆ ಹೊಳೆಯಿತು.

"ಇದು ಕಂತಿ ಅಲ್ಲ, ಅರಗು. ತಗ್ಗಿತ್ತಲ್ಲ, ಅದ್ಕ ದಪ್ಪಕ ಕೂರ್ಸಿವ್ನಿ. ಒಳ್ಗ ಗಟ್ಟಿಯಾಗಕ್ಕ ಇನ್ನೂ ದಿವ್ಸ ಬೇಕು. ಬಿಸ್ಲಲ್ಲಿ ಕೈ ಊರಿದ್ರ ಅಚ್ಚು ಬಿದ್ದೋಯ್ತದ, ಉಷಾರು" ಎಂದು ಹೇಳಿ ಅಯ್ಯನವರು ಕೈ ತೊಳೆದರು.

ಶಿವಮಲ್ಲಪ್ಪನಿಗೆ ಅಷ್ಟು ದಿನ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಎಲ್ಲವನ್ನೂ ಸ್ಕ್ರೂ ಹಾಕಿ ಕೂರಿಸಿದ ಮಾರನೆಯ ದಿನವೇ ಹೆಂಡತಿಯ ಕೋಣೆಯ ಬಾಗಿಲಲ್ಲಿ ನಿಂತ.

"ಬೆಟ್ಟದ್ ಕಡೆ ಓಗ್ಬರಾಣ ಬಾ."

"ನೀವ್ ಓಗ್ಬನ್ನಿ" ಎಂದಳು, ಮುಖ ತಿರುಗಿಸದೆ.

"ಗಾಡೀಲಿ ಕಣೆ. ಓಡ್ತಾ ಅದ ಈಗ."

ಅವಳ ಬೆನ್ನು ನೆಟ್ಟಗಾಯಿತು. ಆಮೇಲೆ, "ಅದೇ ಗಾಡೀನಾ?" ಎಂದು ಕೇಳಿದಳು.

"ಅದೇ."

"ಆ ಗಾಡೀಲಾದ್ರ ನಂಗೆ ಕಣ್ಣು ಬೇಡ ಕಣ್ರಿ. ಎಲ್ಲೆಲ್ಲಿ ಏನದ ಅಂತ ಕೈಗೇ ಗೊತ್ತು. ನಾ ಹಿಡ್ಕೊಳೋ ಜಾಗ ಒಂದು ಸಿಕ್ಬುಟ್ರ ಸಾಕು" ಎಂದು ಅವಳು ಎದ್ದು ನಿಂತು ಸೆರಗು ಬಿಗಿದುಕೊಂಡಳು.

ಅರಗು ತುಂಬಿಸಿದ ತಗ್ಗು ಶಿವಮಲ್ಲಪ್ಪನಿಗೆ ಆಗ ನೆನಪಾಯಿತು. ಆ ಕ್ಷಣದಲ್ಲೇ ಹೇಳಿಬಿಡಬೇಕಿತ್ತು. ಆದರೆ ಎರಡು ವರ್ಷಕ್ಕೆ ಎದ್ದು ನಿಂತವಳನ್ನು ಮತ್ತೆ ಕೂರಿಸುವ ಮಾತನ್ನು ಯಾವ ಗಂಡ ಆಡಿಯಾನು? ಅವಳ ಕೈ ಹಿಡಿದು ಹೊಸಿಲು ದಾಟಿಸಿದ. ತಮ್ಮನ ಹೆಂಡತಿ ಮಹಾದೇವಮ್ಮ ನೀರು ತುಂಬುವುದನ್ನು ನಿಲ್ಲಿಸಿ ಕೊಡ ಹಿಡಿದುಕೊಂಡೇ ನೋಡಿದಳು. ಬೀದಿಯಲ್ಲಿ ನಾಲ್ಕು ಜನ ನಿಂತರು. ಗಾಡಿ ಬಿಸಿಲಲ್ಲಿ ಥಳಥಳಿಸುತ್ತಿತ್ತು. ಅವನು ಬಯಸಿದ ಹಾಗೇ ಎಲ್ಲರೂ ಕಣ್ಣರಳಿಸಿದರು. ಅವನು ಮಾತ್ರ ಯಾರ ಕಡೆಯೂ ನೋಡಲಿಲ್ಲ.

ಗುರುಬಸಮ್ಮ ಬಾಗಿಲ ಅಂಚನ್ನು ಸವರಿ ತಲೆ ಬಗ್ಗಿಸಿ ಒಳಗೆ ಕೂತಳು. ಮೂಗು ಅರಳಿತು. ಹೊಸ ರೆಕ್ಸಿನ್ನಿನ ವಾಸನೆ, ಅರಗಿನ ವಾಸನೆ. ಬಲಗೈ ಮುಂದಕ್ಕೆ ಹೋಯಿತು, ತಪ್ಪದೆ ಹಿಡಿಗೇ ಹೋಯಿತು. ಬೆರಳುಗಳು ನುಣ್ಣಗೆ ಜಾರಿದವು. ಇನ್ನೊಮ್ಮೆ ಹಿಡಿದಳು, ಜಾರಿತು. ಆ ತುದಿಯಿಂದ ಈ ತುದಿಗೆ ತಡಕಿದಳು. ಮದುವೆಯ ಪಂಕ್ತಿಯಲ್ಲಿ ಕಂಡಿದ್ದ ಅದೇ ಬಿಳಿಚು ಅವಳ ಮುಖಕ್ಕೆ ಏರಿತು.

"ಇದ್ಯಾರ್ ಗಾಡಿ? ನನ್ನ ಎಲ್ ತಂದ್ ಕೂರುಸ್ದ್ರಿ?"

"ನಮ್ದೇ ಕಣೆ…"

"ಸುಳ್ಳು! ಇಳುಸ್ರಿ ನನ್ನ. ಯಾರ್ಯಾರ್ ನಿಂತವ್ರ ಇಲ್ಲಿ? ಇಳುಸ್ರಿ ಅಂದ್ರ!" ಅವಳ ಕೈ ಬಾಗಿಲಿನ ಅಗುಳಿ ಹುಡುಕುತ್ತ ಗಾಳಿಯಲ್ಲಿ ಅಲೆಯಿತು.

ಶಿವಮಲ್ಲಪ್ಪ ಅವಳ ಬದಿಯ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತ. ಹತ್ತು ಎಕರೆ ಗದ್ದೆಯ ಯಜಮಾನ ಬೀದಿಯ ಧೂಳಿನಲ್ಲಿ ಕೂತದ್ದನ್ನು ಊರು ನೋಡಿತು. ನೋಡಲಿ ಎಂದುಕೊಂಡ.

"ಗುರುಬಸವಿ, ನಾನೇ ಮುಚ್ಚುಸ್ದೆ ಕಣೆ. ನಿನ್ ಕೈ ಗುರ್ತ ನಾನೇ ಅರಗು ತುಂಬ್ಸಿ ಮುಚ್ಚುಸ್ಬುಟ್ಟೆ. ಅಯ್ನೋರು ಕೇಳುದ್ರು, ಬೇಕಾ ಅಂತ. ಊರೋರ್ ಕಣ್ಗೆ ಚೆಂದ ಕಾಣ್ಲಿ ಅಂತ ನಾನೇ ತುಂಬಿ ಅಂದೆ. ನಿನ್ ಕೈಗೆ ಅದು ಬೇಕಾಯ್ತದ ಅಂತ ನಂಗ್ ಒಳೀನೇ ಇಲ್ಲ."

ಅವಳ ಕೈ ನಿಂತಿತು. ಅವಳು ಎದೆಯ ಮೇಲಿದ್ದ ಲಿಂಗದ ವಸ್ತ್ರವನ್ನು ಎಡಗೈಯಲ್ಲಿ ಒಮ್ಮೆ ಮುಟ್ಟಿಕೊಂಡಳು. ಬಲಗೈಯನ್ನು ಮತ್ತೆ ಹಿಡಿಯ ಮೇಲಿಟ್ಟು, ಅದರ ಅಡಿಗೆ ಬೆರಳು ಹಾಯಿಸಿ, ಬುಡದ ಹಳೆಯ ಸ್ಕ್ರೂಗಳನ್ನು ಒಂದೊಂದಾಗಿ ಸವರಿದಳು.

"ನನ್ನ ಒಂದ್ ಮಾತ್ ಕೇಳ್ಬೇಕಿತ್ತು ನೀವು."

"ಕೇಳ್ಬೇಕಿತ್ತು."

"ಉಂ. ಇಳುದ್ ಓದ್ರ ಇವ್ರು ಇನ್ನೊಂದ್ ವರ್ಸ ಆಡ್ಕತಾರ. ಗಾಡಿ ಬುಡಿ."

ಅವನು ಬಿಟ್ಟ. ಯಳಂದೂರು ಹಿಂದೆ ಬಿತ್ತು. ಯುಗಾದಿ ಕಳೆದ ಬಿಸಿಲು ನೇರ ಮಡಿಲಿಗೆ ಬೀಳುತ್ತಿತ್ತು. ಗುಂಬಳ್ಳಿ ಕಳೆದು ಮೊದಲ ತಿರುವು ಬಂದಾಗ ಅವಳು ಹಿಡಿಯನ್ನು ಬಿಗಿಯಾಗಿ ಅಮುಕಿದಳು. ಶಿವಮಲ್ಲಪ್ಪ ಓರೆಗಣ್ಣಿನಲ್ಲಿ ನೋಡಿದ. ಬಿಸಿಗೆ ಮೆತ್ತಗಾದ ಅರಗಿನೊಳಗೆ ಅವಳ ಬೆರಳುಗಳು ಮೆಲ್ಲಗೆ ಇಳಿಯುತ್ತಿದ್ದವು. ಕೈ ಊರಬೇಡ ಎನ್ನಬೇಕಿತ್ತು. ಅವನು ಬಾಯಿ ಬಿಗಿಹಿಡಿದು ಗೇರು ಬದಲಾಯಿಸಿದ. ಮುಂದಿನ ತಿರುವು ಬಂತು, ಅದರ ಮುಂದಿನದೂ ಬಂತು.

"ಯಾಕ್ರೀ, ಎತ್ತಿನ್ ಗಾಡಿ ಮಾಡ್ಬುಟ್ರಿ?" ಎಂದಳು ಗುರುಬಸಮ್ಮ.

ಅವನ ಕಣ್ಣು ಮಂಜಾಗಿ, ದಾರಿ ಕಾಣಲೆಂದು ತೋಳಿನಿಂದ ಒರೆಸಿಕೊಂಡ. ಮೇಲಿನ ಗಾಳಿ ತಣ್ಣಗೆ ಬೀಸತೊಡಗಿತ್ತು. ಸೆರಗು ಹಾರಿತು. ಅವಳು ಹಿಡಿಯಿಂದ ಕೈ ತೆಗೆದು ಎರಡು ಕೈಯಲ್ಲೂ ಸೆರಗನ್ನು ಎಳೆದು ಬಿಗಿದುಕೊಂಡಳು. ಬೆರಳುಗಳ ತುದಿ ಕಪ್ಪಾಗಿತ್ತು. ಆಮೇಲೆ ಮುಖವನ್ನು ಗಾಳಿಗೆ ಕೊಟ್ಟು, ತಡಕದೆ, ಕೈಯನ್ನು ಮತ್ತೆ ಅದರ ಜಾಗಕ್ಕೆ ಇಟ್ಟಳು.