ಪುಕಾರುಮಿ ಗುಡ್ಡದ ಮೊದಲ ಕರೆ

“ಲೇ ಬಡ್ಡಿಮಕ್ಳಾ, ಕಬ್ಬಿಣ ಬಗ್ಗಿದ್ರೆ ನಿಮ್ಮ ಸೊಂಟ ಬಗ್ಗಿಸ್ತೀನಿ! ಹತ್ರೋ ಮೇಲೆ!”

ಎಂಜಿನಿಯರ್ ಉರ್ರುತಿಯಾ ಕುದುರೆಯ ಮೇಲೆ ಕೂತು ನಮಗೆ ಗುಡ್ಡ ಹತ್ತುವುದನ್ನು ಕಲಿಸುತ್ತಿದ್ದ. ಫೋನಿನ ಟವರಿಗೆ ಕಂಬ ಹೊರಲು ಮೊದಲು ಲಾಮಾಗಳನ್ನೇ ತಂದಿದ್ದರು. ಲಾಮಾ ಮರ್ಯಾದಸ್ಥ ಪ್ರಾಣಿ. ಹೊರೆ ಒಂದು ಹಿಡಿ ಹೆಚ್ಚಾದರೂ ಕುಕ್ಕರಿಸಿಬಿಡುತ್ತದೆ, ಎಬ್ಬಿಸಲು ಬಂದವನ ಮುಖಕ್ಕೆ ಉಗಿಯುತ್ತದೆ. ಆಮೇಲೆ ನಮ್ಮನ್ನು ಕರೆದರು.

ನನ್ನ ಮುಂದಿದ್ದ ಮೆಲಿತೋನ್ ಕೋಕಾ ಎಲೆ ಜಗಿಯುತ್ತ ಹೇಳಿದ: “ಇದೊಂದು ನಿಂತ್ಕಳ್ಳಿ ಕಣ್ಲಾ. ಲೀಮಾ ಪಟ್ಣದಲ್ಲಿರೋ ಮಗಳ ತಾವ ದಿನಾ ಮಾತಾಡ್ತೀನಿ. ಎಲ್ಡು ವರ್ಸಾಯ್ತು ಆ ಕೂಸಿನ ದನಿ ಕೇಳಿ.”

ಅಷ್ಟರಲ್ಲಿ ಕಲ್ಲು ಜಾರಿತು. ಕಂಬವೂ ಅವನೂ ಕೂಡಿಯೇ ಉರುಳಿದರು.

ಉಪಗ್ರಹದ ಫೋನು ಉರ್ರುತಿಯಾನ ಜೇಬಿನಲ್ಲಿತ್ತು. ತಕ್ಷಣವೇ ಕರೆ ಮಾಡಿದ, ಇಲ್ಲ ಅನ್ನಬಾರದು. “ಹಲೋ, ಆಫೀಸಾ? ಒಂದು ಕಂಬ ಬಿತ್ತು ಸಾರ್. ಇಲ್ಲ ಇಲ್ಲ, ಬಗ್ಗಿಲ್ಲ. ದೇವರು ದೊಡ್ಡವನು.” ಡಾಕ್ಟರಿಗೆ ಮಾಡುವಷ್ಟರಲ್ಲಿ ಬ್ಯಾಟರಿ ಮುಗಿಯಿತಂತೆ. ಮೆಲಿತೋನನನ್ನು ಹೊರೆಯ ಹಗ್ಗದಲ್ಲೇ ಬೆನ್ನಿಗೆ ಕಟ್ಟಿಕೊಂಡು ಇಳಿಸಿದೆವು. ದಾರಿಯಲ್ಲೇ ಜೀವ ಹೋಯಿತು.

ಆಲೂಗಡ್ಡೆ ಕೀಳುವ ಹೊತ್ತಿಗೆ ಉದ್ಘಾಟನೆ. ಟವರಿಗೆ ಕರೆಂಟು ಬಂದಿರಲಿಲ್ಲ, ಟೀವಿ ಬಂದಿತ್ತು. ತಲೆಯ ಮೇಲೆ ಬೋಗುಣಿಯಂಥ ಡಿಶ್ ಹೊತ್ತ ವ್ಯಾನಿನಿಂದಿಳಿದ ನಿರೂಪಕಿಗೆ “ಕ್ಯಾಮೆರಾಕ್ಕೊಪ್ಪುವ ಬಡ ತಾಯಿ” ಬೇಕಿತ್ತು. ಮೆಲಿತೋನನ ಹೆಂಡತಿ ಎವುಲೋಹಿಯಾಳನ್ನು ಆರಿಸಿದರು. ಅವಳ ಸೂತಕದ ಕರಿ ಶಾಲು ಕಿತ್ತು, ಬೇರೆ ಯಾವುದೋ ಕಣಿವೆಯವರ ಹಬ್ಬದ ಕೆಂಪು ಲಂಗ ತೊಡಿಸಿದರು.

“ಈ ಫೋನ್ ಕಿವಿಗಿಟ್ಕೋಮ್ಮಾ. ಮಗಳು ಮಾತಾಡ್ತಿದಾಳೆ ಅನ್ಕೊಂಡು ನಗು. ಆಮೇಲೆ ಸ್ವಲ್ಪ ಅಳು. ನೇರ ಪ್ರಸಾರ, ಇಡೀ ಲೀಮಾ ನೋಡುತ್ತೆ.”

ಸೈನ್ಯದಲ್ಲಿ ಬೂಟು ಒರೆಸುತ್ತ ಸ್ಪ್ಯಾನಿಷ್ ಕಲಿತಿದ್ದ ನಾನು ಇದನ್ನು ಅವಳಿಗೆ ನಮ್ಮ ಕೆಚುವಾ ಭಾಷೆಯಲ್ಲಿ ಹೇಳಿದೆ.

“ಈ ಪೋನ್ಗೆ ಉಸ್ರೇ ಇಲ್ವಲ್ಲೋ,” ಅಂದಳು. “ಆ ಡಬ್ಬದ ಮುಂದೆ ಮಾತಾಡಿದ್ರೆ ದಿಟವಾಗ್ಲೂ ಲೀಮಾಕ್ಕೆ ಕೇಳ್ತದಾ?”

“ಕೇಳ್ತದಕ್ಕ.”

“ನಮ್ ಮಗ್ಳು ವಿಲ್ಮಾ ಗೇಯೋ ಮನೇಲಿ ಟೀವಿ ಅದೆ. ಅಮ್ಮಾವ್ರು ನೋಡ್ತಿದ್ರೆ ಇವ್ಳು ಹಿಂದ್ಗಡೆ ಇಸ್ತ್ರಿ ಹಾಕ್ತಾಳಂತೆ.”

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಎವುಲೋಹಿಯಾ ಫೋನನ್ನು ನೆಲಕ್ಕಿಟ್ಟು, ನಿರೂಪಕಿಯ ಕೈಯಿಂದ ಮೈಕು ತೆಗೆದುಕೊಂಡು ಕೆಚುವಾದಲ್ಲೇ ಶುರುಮಾಡಿದಳು.

“ವಿಲ್ಮಾ, ನಾನು ಕಣವ್ವ, ನಿಮ್ಮವ್ವ. ಇಸ್ತ್ರಿಪೆಟ್ಗೆ ಕೆಳಗಿಡು, ಕೈ ಸುಟ್ಕಂಡೀಯ. ನಿಮ್ಮಪ್ಪ ಓಗ್ಬುಟ್ಟ ಮಗಾ. ಈ ಟವರ್ ಕಬ್ಬಿಣ ಹೊರಾಕೋಗಿ ಸತ್ತ. ನೀನಿರೋ ಬೀದಿ ಯಾವ್ದೋ, ಯಾರ ಕೈಲಿ ಹೇಳ್ಕಳಿಸ್ಲಿ? ಮಣ್ಣು ಮಾಡ್ಬುಟ್ವಿ. ಈ ಟವರ್ರೂ ಸತ್ತೇ ನಿಂತದೆ, ಮಾತಾಡಾಕಿಲ್ಲ. ಅಗೋ, ಅಲ್ಲವ್ನಲ್ಲ ಉರ್ರುತಿಯಾ, ಅವ್ನು ಮೊದ್ಲು ಕಂಬ ಬಗ್ಗೈತಾ ಅಂತ ನೋಡ್ದ.”

“ಸರ್ಕಾರಕ್ಕೆ ಮನಸಾರೆ ಧನ್ಯವಾದ ಹೇಳ್ತಿದಾರೆ,” ಎಂದು ನಿರೂಪಕಿ ಲೀಮಾಕ್ಕೆ ಸ್ಪ್ಯಾನಿಷಿನಲ್ಲಿ ವಿವರಿಸಿದಳು. “ಎಂಜಿನಿಯರ್ ಸಾಹೇಬರನ್ನೂ ಹೆಸರು ಹಿಡಿದು ನೆನೀತಿದಾರೆ.”

ತನ್ನ ಹೆಸರು ಮಾತ್ರ ಅರ್ಥವಾಗಿದ್ದ ಉರ್ರುತಿಯಾ ಮುಂದೆ ನುಗ್ಗಿದ. “ನಿಲ್ಸಿ! ಈ ಮುಂಡೆ ಏನೋ ಬೊಗಳ್ತಿದಾಳೆ!” ಎಂದು ಮೈಕಿಗೆ ಕೈ ಹಾಕಿದ. ಆ ಕೈಯನ್ನು ನಾನು ಹಿಡಿದೆ.

“ಧನ್ಯವಾದ ಇನ್ನೂ ಮುಗಿದಿಲ್ಲ ಸಾರ್.”

ಕೊಸರಿಕೊಂಡ. ನನ್ನದು ಹೊರೆ ಹೊತ್ತ ಕೈ, ಬಿಡಲಿಲ್ಲ. ಹಿಂತಿರುಗಿ ನೋಡಿದರೆ ಊರವರು ಟೊಪ್ಪಿಗೆ ತೆಗೆದು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರಿಗೂ ಲೀಮಾದಲ್ಲಿ ಯಾರೋ ಇದ್ದರು. ಮುದುಕಿ ತಿಯೋದೋಸಿಯಾ ಮುಂದೆ ಬಂದು ಎವುಲೋಹಿಯಾಳಿಂದ ಮೈಕು ಇಸಿದುಕೊಂಡಳು.

“ಈ ಅಜ್ಜಿ ಕೂಡ ಸರ್ಕಾರಕ್ಕೆ…” ನಿರೂಪಕಿ ಶುರುಮಾಡಿದಳು.

ತಿಯೋದೋಸಿಯಾಗೆ ಬರುತ್ತಿದ್ದ ಸ್ಪ್ಯಾನಿಷ್ ನಾಲ್ಕು ಮಾತು ಮೀರದು; ಸರ್ಕಾರ, ಧನ್ಯವಾದ ಅವುಗಳಲ್ಲಿ ಎರಡು. ನಿರೂಪಕಿಯ ಕಡೆಗೆ ತಿರುಗಿ, ಇಡೀ ಲೀಮಾಕ್ಕೆ ಕೇಳುವಂತೆ ಮೂರನೆಯದನ್ನು ಆಡಿದಳು:

“ಸುಳ್ಳು.”

ಆಮೇಲೆ ಕ್ಯಾಮೆರಾದ ಕಡೆ ತಿರುಗಿ ಲೀಮಾದಲ್ಲಿದ್ದ ತಮ್ಮನ ಹೆಸರು ಹಿಡಿದು ಕೂಗತೊಡಗಿದಳು.