ಮಡ್ಲಕ್ಕಿ

"ಇಂಜಿನ್ ಆಫ್ ಮಾಡೇ ಮುಂಡೆ! ಗುಡಿ ಮುಂದ ಬತ್ತಾ ಇವ್ನಿ ಅನ್ನೋ ಗ್ಯಾನ ಇಲ್ವಾ ನಿಂಗ?"

ಗುಡಿಯ ಜಗಲಿಯ ಮೇಲಿದ್ದ ಸೋಮಶೇಖರಪ್ಪ ಎದ್ದೂ ಇರಲಿಲ್ಲ, ಕುಳಿತಲ್ಲಿಂದಲೇ ಕೂಗಿದ. ನಾನು ಲಗೇಜ್ ಆಟೋ ನಿಲ್ಲಿಸಿದೆ. ಹಿಂದೆ ಟೊಮೇಟೊ ಕ್ರೇಟುಗಳು ತುಂಬಿದ್ದವು, ಅವುಗಳ ನಡುವೆ ನಮ್ಮ ಕೇರಿಯ ಹೆಂಗಸರು. ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಆಗಲೇ ತಡವಾಗಿತ್ತು.

"ಬುದ್ಧಿ, ಲೋಡ್ ಜಾಸ್ತಿ ಅದ, ಏರು ಬೇರೆ. ಇವತ್ತೊಂದಿನ..."

"ಇವತ್ತೊಂದಿನ ಅಂತೆ! ಆಟೋ ಸಿಕ್ಬುಟ್ರೆ ಗುಡಿ ಮುಂದ ರಾಣಿ ತರ ಕುಂತ್ಕಂಡ್ ಓಯ್ತೀಯಾ? ಇಳ್ದು ತಳ್ಕಂಡ್ ಓಗ್ರೇ."

ಮೇಲಿನ ಬೀದಿಯವರ ಕಟ್ಟಳೆ ಅದು. ಕೆಳಗೇರಿಯ ನಾವು ಆಟೋ ಇಟ್ಟುಕೊಳ್ಳಬಹುದು, ಓಡಿಸಬಹುದು. ಆದರೆ ಗುಡಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಇಂಜಿನ್ ನಿಲ್ಲಿಸಿ, ಎಲ್ಲರೂ ಇಳಿದು, ತಳ್ಳಿಕೊಂಡೇ ಹೋಗಬೇಕು. ಊರಿನಿಂದ ಹೊರಗೆ ಹೋಗಲು ಬೇರೆ ದಾರಿ ಇಲ್ಲ. ನಮ್ಮ ಅಪ್ಪಂದಿರು ಚಪ್ಪಲಿ ಕೈಯಲ್ಲಿ ಹಿಡಿದು ಇದೇ ಬೀದಿ ದಾಟುತ್ತಿದ್ದರು. ನಮ್ಮ ಕಾಲಕ್ಕೆ ಚಪ್ಪಲಿ ಹೋಗಿ ಆಟೋ ಬಂತು. ಏಳಿಗೆ ಅಂದರೆ ಇದೇ ಇರಬೇಕು! ಒಮ್ಮೆ ಪೊಲೀಸರಿಗೂ ಹೇಳಿದೆವು. ಅವರು ಬಂದು, ಸೋಮಶೇಖರಪ್ಪನ ಮನೆಯಲ್ಲಿ ಕಾಫಿ ಕುಡಿದು, "ಊರಲ್ಲಿ ಹೊಂದ್ಕೊಂಡು ಹೋಗ್ರಮ್ಮ" ಎಂದು ನಮಗೇ ಬುದ್ಧಿ ಹೇಳಿ ಹೊರಟುಹೋದರು.

ಈ ಆಟೋ ನಮ್ಮ ಕೈಗೆ ಬಂದದ್ದು ಭವ್ಯಳಿಂದ. ನಮ್ಮ ಕೇರಿಯ ಹುಡುಗಿಯೇ ಅವಳು. ಚಾಮರಾಜನಗರದ ಒಂದು ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಕಂಡವರ ಹೊಲದಲ್ಲಿ ಚೆಂಡುಹೂ ಬಿಡಿಸಿ ಬೆನ್ನು ಬಗ್ಗಿಸಿಕೊಂಡಿದ್ದ ನಮ್ಮನ್ನೆಲ್ಲ ಸೇರಿಸಿ ಸಂಘ ಕಟ್ಟಿದಳು, ಗುತ್ತಿಗೆಗೆ ಜಮೀನು ಹಿಡಿಸಿದಳು, ಟೊಮೇಟೊ ಹಾಕಿಸಿದಳು. ನನಗೆ ಬೈದು ಬೈದು ಆಟೋ ಓಡಿಸಲು ಕಲಿಸಿದಳು. "ಚಿಕ್ಕತಾಯಕ್ಕ, ಅದು ಬ್ರೇಕು ಕಣಕ್ಕ, ಕಾಲ್ಮಣೆ ಅಲ್ಲ!" ಎಂದು ಅವಳು ಕಿರುಚುತ್ತಿದ್ದುದು ನೆನೆದರೆ ಈಗಲೂ ನಗು ಬರುತ್ತದೆ, ಹಿಂದೆಯೇ ಅಳುವೂ ಬರುತ್ತದೆ.

ಆ ದಿನ ಅವಳೂ ನಮ್ಮ ಜೊತೆಗಿದ್ದಳು. ಆರು ತಿಂಗಳ ಬಸುರಿ.

"ಬುದ್ಧಿ, ಇವ್ಳೊಬ್ಳು ಕುಂತ್ಕಳ್ಳಿ. ಬಸ್ರಿ ಎಂಗ್ಸು," ಎಂದೆ.

"ಬಸ್ರಿ ಆದ್ರೆ ಮನೇಲಿ ಬಿದ್ದಿರ್ಬೇಕು. ಗುಡೀಗೇನ್ ಗೊತ್ತು ಬಸ್ರಿ, ಬಾಣ್ತಿ?"

ಭವ್ಯ ಇಳಿದಳು. ಇಳಿದವಳು ಸೀದಾ ಹಿಂದಕ್ಕೆ ಹೋಗಿ ಎರಡೂ ಕೈ ಆಟೋಗೆ ಕೊಟ್ಟಳು.

"ನೀ ಸುಮ್ನ ನಡ್ಕಂಡ್ ಬಾಮ್ಮಿ. ಒಟ್ಟೆ ಒತ್ಕಂಡು ತಳ್ತಾಳಂತ, ದೊಡ್ಡ ಪೈಲ್ವಾನ್ತಿ!"

"ನೀವು ತಳ್ತಾ ಇರಾಗ ನಾ ಕೈ ಬೀಸ್ಕಂಡ್ ಬರ್ಲಾ ಅಕ್ಕ?"

ಬೈದರೂ ಕೇಳಲಿಲ್ಲ. ಏರಿನ ನಡುವೆ ಆಟೋ ಹಿಂದಕ್ಕೆ ಜಗ್ಗಿತು. ನಾನು ಒಳಗಿದ್ದರೆ ಬ್ರೇಕ್ ತುಳಿಯುತ್ತಿದ್ದೆ. ಹೊರಗೆ ನಿಂತು ಹ್ಯಾಂಡಲ್ ಹಿಡಿದು ಎಳೆಯುತ್ತಿದ್ದವಳು ಏನು ಮಾಡಲಿ? ಹಿಂದೆ ಇದ್ದ ಹೆಂಗಸರು ಅಷ್ಟೂ ಭಾರಕ್ಕೆ ಮೈ ಕೊಟ್ಟರು, ಭವ್ಯಳೂ ಕೊಟ್ಟಳು. ಆಟೋ ನಿಂತಿತು. ಅವಳು ಹೊಟ್ಟೆ ಹಿಡಿದುಕೊಂಡು ರಸ್ತೆಯಲ್ಲೇ ಕುಸಿದಳು. ಜಗಲಿಯ ಮೇಲಿಂದ ಒಬ್ಬನೂ ಇಳಿಯಲಿಲ್ಲ.

ಟೊಮೇಟೊ ಎಲ್ಲ ಬೀದಿಗೆ ಸುರಿದು ಅವಳನ್ನು ಹಿಂದೆ ಮಲಗಿಸಿದೆವು. ಗುಂಡ್ಲುಪೇಟೆ ಆಸ್ಪತ್ರೆಗೆ ಹೇಗೆ ಓಡಿಸಿದೆನೋ ನನಗೇ ತಿಳಿಯದು. ಕೂಸು ಉಳಿಯಲಿಲ್ಲ. ಗಂಡೋ ಹೆಣ್ಣೋ ಎಂದು ಭವ್ಯ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಣ್ಣು. ಕೂದಲು ಬಂದಿತ್ತು.

ಮರುತಿಂಗಳು ಚಾಮರಾಜನಗರದ ಒಂದು ಕಲ್ಯಾಣ ಮಂಟಪದಲ್ಲಿ ಸಂಸ್ಥೆಯವರ ಸಮಾರಂಭ. 'ಬಡವರ ಆರ್ಥಿಕ ಏಳಿಗೆಗೆ ದುಡಿದ ಸಿಬ್ಬಂದಿಗೆ ಸನ್ಮಾನ' ಎಂದು ದೊಡ್ಡ ಬ್ಯಾನರ್ ಕಟ್ಟಿದ್ದರು. ಭವ್ಯಳ ಫೋಟೋ ಅದರಲ್ಲಿತ್ತು. ಫೋಟೋದ ಮೇಲುಗಡೆ, ಅದಕ್ಕಿಂತ ದೊಡ್ಡದಾಗಿ, ಸನ್ಮಾನ ಮಾಡುವವನ ಮುಖ. ಸೋಮಶೇಖರಪ್ಪ!

ವೇದಿಕೆಯ ಹಿಂದೆ ಸಂಸ್ಥೆಯ ಕಾರ್ಯದರ್ಶಿ ರಂಗಸ್ವಾಮಿ ಸಾರ್ ಭವ್ಯಳನ್ನು ಪಕ್ಕಕ್ಕೆ ಕರೆದರು. ನಾನು ಅವಳ ಕೈ ಬಿಡದೆ ಜೊತೆಗೇ ಹೋದೆ.

"ನೋಡಮ್ಮ, ನಿನ್ನ ನೋವು ನನಗೂ ಅರ್ಥ ಆಗುತ್ತೆ. ಆದ್ರೆ ಅವರು ನಮ್ಮ ದಾನಿಗಳು. ಸಂಘದ ಶೆಡ್ ಇರೋದು ಅವರ ಜಾಗದಲ್ಲಿ. ಆಟೋ ಇರೋದು ಸಂಸ್ಥೆ ಹೆಸರಲ್ಲಿ. ನಗುನಗ್ತಾ ತಗೊಂಡು ಇಳಿದುಬಿಡು. ಏನಾದ್ರೂ ಎಡವಟ್ಟು ಮಾಡಿದ್ಯೋ, ಶೆಡ್ಡೂ ಇಲ್ಲ, ಆಟೋನೂ ಇಲ್ಲ. ನಿನ್ನ ಕೆಲಸದ ಮಾತಂತೂ ನಾನು ಹೇಳೋದೇ ಬೇಡ."

ಅವರು ಹೋದ ಮೇಲೆ ಭವ್ಯ ನನ್ನ ಮುಖ ನೋಡಿದಳು. ಆಸ್ಪತ್ರೆಯಿಂದ ಬಂದಾಗಿನಿಂದ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಕ್ಕ ಮಾಡ್ಲಿ ನಾನು? ನಿಮ್ ಎಲ್ಲಾರ್ ಅನ್ನ ಅದು."

"ಅನ್ನ ಎಂಗೋ ಉಟ್ಕತ್ತದ ಕಣಮ್ಮಿ. ನಿಂಗ ಏನ್ ತೋಚ್ತದೋ ಮಾಡು. ಆಟೋ ಓದ್ರ ಓಯ್ತದ, ತಲೆ ಮ್ಯಾಲ ಒತ್ಕಂಡ್ ಓಯ್ತೀವಿ."

ಹಾಗೆ ಹೇಳಿ ಬಂದು ಕುಳಿತೆ, ನಿಜ. ಆದರೆ ಕುಳಿತಲ್ಲೇ ಲೆಕ್ಕ ಹಾಕಿದೆ. ಆ ಆಟೋ ಇಲ್ಲದಿದ್ದರೆ ನಮ್ಮ ಹನ್ನೆರಡು ಮನೆಯವರು ಮತ್ತೆ ಅದೇ ಸೋಮಶೇಖರಪ್ಪನ ಹೊಲದಲ್ಲಿ ಚೆಂಡುಹೂ ಬಿಡಿಸಬೇಕು.

ಭವ್ಯಳನ್ನು ಕರೆದರು. ಸೋಮಶೇಖರಪ್ಪ ಶಾಲನ್ನು ಅವಳ ಹೆಗಲಿಗೆ ಹೊದಿಸಲಿಲ್ಲ, ಅವಳಿಗೆಂದು ಇಟ್ಟಿದ್ದ ಕುರ್ಚಿಯ ಬೆನ್ನಿಗೆ ಹಾಕಿದ. ಚಪ್ಪಾಳೆ ಬಿತ್ತು. ಸದ್ಯ, ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅವನು ಮೈಕು ಹಿಡಿದ.

"ಎಣ್ಮಗಳಿಗೆ ಬರೀ ಶಾಲು ಆಕುದ್ರೆ ಸಾಲ್ದು. ನಮ್ಮೂರ ಮಗಳು, ಮಡ್ಲು ತುಂಬಿ ಕಳ್ಸೋದು ನಮ್ ಸಂಪ್ರದಾಯ. ಸುಧಾಮಣಿ, ಬಾ ಇಲ್ಲಿ. ಮಡ್ಲಕ್ಕಿ ಉಯ್ಯಿ."

ಅಯ್ಯೋ ಪಾಪಿ! ಅವನಿಗೆ ನೆನಪಿರಲಿಲ್ಲವೋ, ನೆನಪಿದ್ದೂ ಆಡಿದನೋ ಆ ದೇವರಿಗೇ ಗೊತ್ತು.

ಅವನ ಹೆಂಡತಿ ಸುಧಾಮಣಿ ಮೊರ ಹಿಡಿದು ಬಂದಳು. ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು, ಅರಿಶಿನದ ಕೊಂಬು, ಹಸಿರು ಬಳೆ. ಭವ್ಯ ಸೆರಗು ಒಡ್ಡಿದಳು. ಸುಧಾಮಣಿ ಎಲ್ಲಿ ಕೈ ತಗುಲೀತೋ ಎಂದು ಮೊರವನ್ನು ಮೇಲೆತ್ತಿ ಸುರಿದಳು. ಸೆರಗು ತುಂಬಿ ಹೊಟ್ಟೆಯ ಮುಂದೆ ಜೋತಾಡಿತು. ಭವ್ಯ ಬಗ್ಗಿ ಅದನ್ನೇ ನೋಡಿದಳು. ಆಮೇಲೆ ಕೈ ಬಿಟ್ಟಳು.

ಕಾಯಿ ಉರುಳಿತು, ಬಳೆ ಒಡೆಯಿತು, ಅಕ್ಕಿ ವೇದಿಕೆಯ ತುಂಬ ಚೆಲ್ಲಿತು.

"ಕೈ ಜಾರಿತು, ಕೈ ಜಾರಿತು," ಎಂದು ರಂಗಸ್ವಾಮಿ ಸಾರ್ ಮಂಡಿಯೂರಿ ಅಕ್ಕಿ ಬಳಿಯತೊಡಗಿದರು. "ಇನ್ನೊಂದ್ಸಲ ತುಂಬಿ ತಾಯಿ, ಫೋಟೋ ಬಂದಿಲ್ಲ."

"ಜಾರ್ನಿಲ್ಲ ಸಾರ್," ಎಂದಳು ಭವ್ಯ. ಮೈಕು ಅವಳ ಮುಂದೆಯೇ ಇತ್ತು, ಮಂಟಪಕ್ಕೆಲ್ಲ ಕೇಳಿಸಿತು. "ನಾನೇ ಬುಟ್ಟೆ."

ಆಮೇಲೆ ಸೋಮಶೇಖರಪ್ಪನ ಕಡೆ ತಿರುಗಿ ಮತ್ತೆ ಸೆರಗು ಒಡ್ಡಿದಳು.

"ನೀವು ಆಕಿ ಬುದ್ಧಿ. ನನ್ ಕೂಸ ಆಕಿ ಇದ್ರೊಳಕ್ಕ."

ಸೋಮಶೇಖರಪ್ಪ ಹೆಂಡತಿಯ ಮುಖ ನೋಡಿದ. ರಂಗಸ್ವಾಮಿ ಸಾರ್ ಅಕ್ಕಿ ಬಿಟ್ಟು ಮೈಕಿನ ವೈರು ಹುಡುಕುತ್ತಿದ್ದರು. ಕೇರಿಯ ಹೆಂಗಸರೆಲ್ಲ ಎದ್ದು ವೇದಿಕೆಯ ಹತ್ತಿರ ಹೋದೆವು. "ಭವ್ಯಾ, ಬಾ ಮಗ" ಎಂದು ಕರೆದೆ. ಅವಳು ತಿರುಗಿ ನೋಡಲಿಲ್ಲ. ಖಾಲಿ ಸೆರಗು ಒಡ್ಡಿಕೊಂಡು ಅವನ ಮುಂದೆ ಹಾಗೆಯೇ ನಿಂತಿದ್ದಳು.